ಕೊಳಕ್ಕಿಳಿದ ಸೂರ್ಯ

ಹೊಳೆಗೆ ದೀಪ ಹಚ್ಚುವವರಿಲ್ಲ. ಕೆರೆಗೆ ಕಿಟಕಿ ಇಡುವವರಿಲ್ಲ. ಆಳವಾದ ಬಾವಿಯ ನೀರು ಕೂಡ ನಡುಹಗಲಿನಲ್ಲಿ ಒಂದು ಗಳಿಗೆ ಸೂರ್ಯನ ಮುಖವನ್ನು ಕಂಡು ತೃಪ್ತಿಪಡುತ್ತದೆ. ನೀರೂ ಬೆಳಕೂ ಹುಟ್ಟಿದಾಗಿನಿಂದ ಒಡನಾಡಿಗಳು. ಅವುಗಳ ನಡುವೆ ಮೂರನೆಯವನ ಮಧ್ಯಸ್ತಿಕೆ ಬೇಕಾಗಿರಲಿಲ್ಲ. ಅದು ಬೇಕಾದದ್ದು ಮನುಷ್ಯನು ನೀರಿನ ಮೇಲೆ ಮಾಡು ಹೊದಿಸಿದ ದಿನದಿಂದ. ಅಂದಿನಿಂದ ಸೂರ್ಯನು ಕೊಳದ ಪಾಲಿಗೆ ಮನೆಯವನಲ್ಲ, ಅತಿಥಿ. ಅವನನ್ನು ಕರೆಯಬೇಕು, ಬರುವ ದಾರಿಯನ್ನು ತೋರಿಸಬೇಕು, ಬಂದವನನ್ನು ತಕ್ಕ ಕಡೆಯಲ್ಲಿ ಕುಳ್ಳಿರಿಸಬೇಕು. ಅತಿಥಿಸತ್ಕಾರದಲ್ಲಿ ತಪ್ಪಿದರೆ ಬೇರೆಡೆ ಮನೆಯ ಮರ್ಯಾದೆ ಹೋಗುತ್ತದೆ. ಈಜುಕೊಳದ ವಿಷಯದಲ್ಲಾದರೋ, ಕೆಲವೊಮ್ಮೆ ಒಂದು ಪ್ರಾಣವೇ ಹೋಗಬಹುದು.

ಕನ್ನಡನಾಡಿನವರಿಗೆ ಈ ಮಾತು ವಿಚಿತ್ರವಾಗಿ ಕಾಣಬಹುದು. ಬಿಸಿಲಿಗೆ ಬರವಿಲ್ಲದ ಸೀಮೆಯಲ್ಲಿ ಕೊಳಕ್ಕೆ ಸೂರು ಕಟ್ಟುವ ಯೋಚನೆಯೇ ಅಪರೂಪವಾದದ್ದು. ಹಂಪೆಯಲ್ಲಿ ರಾಣಿಯರ ಸ್ನಾನಗೃಹವೆಂದು ಹೆಸರಾದ ಕಟ್ಟಡವನ್ನು ಕಂಡವರು ಬಲ್ಲರು: ಹೊರಗಿನಿಂದ ಅದು ಯಾವ ಆಡಂಬರವೂ ಇಲ್ಲದ ಚೌಕ, ಒಳಹೊಕ್ಕರೆ ಸುತ್ತಲೂ ಕಮಾನುಗಳ ಮೊಗಸಾಲೆ, ಅದರಿಂದ ನೀರಿನ ಕಡೆಗೆ ಮುಂಚಾಚಿದ ಸೊಗಸಾದ ಬಾಲ್ಕನಿಗಳು, ನಡುವೆ ಕೊಳ, ಕೊಳದ ಮೇಲೆ ಬರಿಯ ಆಕಾಶ. ಮರೆಗೆ ಗೋಡೆ ಬೇಕು, ನಿಲ್ಲುವವರಿಗೆ ನೆರಳು ಬೇಕು; ಆದರೆ ನೀರಿನ ನೆತ್ತಿಯ ಮೇಲೆ ಏನೂ ಬೇಡ. ಇದು ಬಿಸಿಲುನಾಡಿನ ತೀರ್ಮಾನ.

ಆದರೂ ಮಾಡಿನೊಳಕ್ಕೆ ಬೆಳಕನ್ನು ಕರೆಯುವ ವಿದ್ಯೆ ಇಲ್ಲಿಯವರಿಗೆ ತಿಳಿಯದ್ದೇನೂ ಅಲ್ಲ. ಹೆಂಚಿನ ಮನೆಯ ಅಡಿಗೆಯ ಕೋಣೆಯಲ್ಲಿ, ಹೊಗೆಗೆ ಕಪ್ಪಾದ ಜಂತೆಗಳ ನಡುವೆ, ಒಂದು ಗಾಜಿನ ಹೆಂಚು ಇರುತ್ತಿತ್ತು. ಅದರ ಮೂಲಕ ಇಳಿದ ಬಿಸಿಲುಕೋಲು ನೆಲದ ಮೇಲೆ ಅಂಗೈಯಗಲದ ಚೌಕವಾಗಿ ಬಿದ್ದು, ಹೊತ್ತು ಏರಿದಂತೆ ಒಲೆಯ ಬಳಿಯಿಂದ ಹೊಸ್ತಿಲಿನ ಕಡೆಗೆ ಮೆಲ್ಲನೆ ಸರಿಯುತ್ತಿತ್ತು. ಗಡಿಯಾರವಿಲ್ಲದ ಅಜ್ಜಿಯಂದಿರು ಅದನ್ನು ನೋಡಿಯೇ ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದುದುಂಟು. ಗೋಡೆಯ ಕಿಟಕಿಯಿಂದ ಬಂದ ಬೆಳಕು ಕಣ್ಣಿಗೆ ಎದುರಾಗುತ್ತದೆ; ಮಾಡಿನಿಂದ ಬಂದ ಬೆಳಕು ಕೆಲಸದ ಮೇಲೆ ಬೀಳುತ್ತದೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಸೂರಿನ ಕೆಳಗಿನ ಕೊಳಗಳ ಎರಡು ಸಾವಿರ ವರ್ಷಗಳ ಕಥೆ ಬಹುಪಾಲು ಅರ್ಥವಾಗುತ್ತದೆ.

ಆ ಕಥೆ ರೋಮಿನಲ್ಲಿ ಒಂದು ಜಗಳದಿಂದ ಮೊದಲಾಗುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದ ತತ್ತ್ವಜ್ಞಾನಿ ಸೆನೆಕನು ಒಮ್ಮೆ ಲಿಟರ್ನಮ್ ಎಂಬಲ್ಲಿದ್ದ ಒಂದು ಹಳೆಯ ಮನೆಯಲ್ಲಿ ತಂಗಿದ್ದನು. ಅದು ಹ್ಯಾನಿಬಾಲನನ್ನು ಸೋಲಿಸಿದ ಮಹಾವೀರ ಸ್ಕಿಪಿಯೊ ತನ್ನ ಕೊನೆಗಾಲವನ್ನು ಕಳೆದ ಮನೆ. ಅಲ್ಲಿಯ ಬಚ್ಚಲುಮನೆಯನ್ನು ಕಂಡು ಸೆನೆಕನಿಗೆ ಬೆರಗಾಯಿತು. ಅದು ಇಕ್ಕಟ್ಟು, ಕತ್ತಲು. ಕಿಟಕಿಗಳೆಂದು ಹೇಳುವಂತಹವು ಒಂದೂ ಇಲ್ಲ. ಕಲ್ಲಿನ ಗೋಡೆಯಲ್ಲಿ, ಕೋಟೆಯ ಬಲಕ್ಕೆ ಕುಂದಾಗದಷ್ಟು ಕಿರಿದಾದ ಸೀಳುಗಳಿದ್ದವು. ಹೊಲದಲ್ಲಿ ಸ್ವತಃ ದುಡಿದು ದಣಿದ ಸೇನಾನಿಗೆ ಅಷ್ಟು ಬೆಳಕು ಸಾಕಾಗಿತ್ತು. ಸೆನೆಕನ ಕಾಲದವರಿಗೆ ಅದು ಸಾಲದು. ದಿನವೆಲ್ಲ ಬಿಸಿಲು ಬೀಳುವ ವಿಶಾಲವಾದ ಕಿಟಕಿ ಬೇಕು; ಮೈ ತೊಳೆಯುತ್ತಿರುವಾಗಲೇ ಮೈಗೆ ಬಿಸಿಲಿನ ಬಣ್ಣ ಏರಬೇಕು; ತೊಟ್ಟಿಯಲ್ಲಿ ಕುಳಿತೇ ಹೊಲವೂ ಕಡಲೂ ಕಾಣಬೇಕು. ಅಂತಹ ಅನುಕೂಲವಿಲ್ಲದ ಸ್ನಾನಗೃಹವನ್ನು ಅವರು ಹುಳುಹುಪ್ಪಟೆಗಳ ಬಿಲವೆಂದು ಹಳಿಯುತ್ತಿದ್ದರಂತೆ. ಸೆನೆಕನು ತನ್ನ ಪತ್ರದಲ್ಲಿ ಸ್ಕಿಪಿಯೊನ ಪಕ್ಷವನ್ನೇ ಹಿಡಿದನು. ಆದರೆ ಲೋಕ ಅವನ ಮಾತನ್ನು ಕೇಳಲಿಲ್ಲ. ಎರಡನೆಯ ಶತಮಾನದಲ್ಲಿ ಓಸ್ಟಿಯ ರೇವುಪಟ್ಟಣದಲ್ಲಿ ಕಟ್ಟಿದ ದೊಡ್ಡ ಸಾರ್ವಜನಿಕ ಸ್ನಾನಗೃಹದ ಬಿಸಿಕೋಣೆಗಳು ನೈರುತ್ಯಕ್ಕೆ ಭಾರಿ ಕಿಟಕಿಗಳನ್ನು ತೆರೆದುಕೊಂಡು ನಿಂತವು.

ನೈರುತ್ಯವೇ ಏಕೆ? ಅದಕ್ಕೆ ಉತ್ತರವನ್ನು ಅದಕ್ಕೂ ಮೊದಲೇ ಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದನು. ರೋಮನರು ಸ್ನಾನಕ್ಕೆ ಬರುತ್ತಿದ್ದುದು ಮಧ್ಯಾಹ್ನದಿಂದ ಸಂಜೆಯ ವರೆಗೆ. ಆದುದರಿಂದ ಬಿಸಿಕೋಣೆಗಳಿಗೆ ಚಳಿಗಾಲದ ಸೂರ್ಯ ಮುಳುಗುವ ದಿಕ್ಕಿನಿಂದ ಬೆಳಕು ಬರತಕ್ಕದ್ದು. ನಿವೇಶನ ಒಪ್ಪದಿದ್ದರೆ ದಕ್ಷಿಣದಿಂದ. ಅವನು ಇನ್ನೂ ಒಂದು ಸೂಕ್ಷ್ಮವನ್ನು ಹೇಳಿದ್ದಾನೆ. ಜನ ಸುತ್ತಲೂ ನಿಂತು ನೀರು ಮೊಗೆದುಕೊಳ್ಳುವ ತೊಟ್ಟಿಯನ್ನು ಬೆಳಕಿನ ಕೆಳಗೇ ಇಡಬೇಕು. ಇಲ್ಲವಾದರೆ ನಿಂತವರ ನೆರಳೇ ಬಿದ್ದು ನೀರು ಕತ್ತಲಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಈ ಮಾತಿನಲ್ಲಿ ಒಂದು ಗಂಭೀರವಾದ ತಿಳಿವಳಿಕೆ ಅಡಗಿದೆ. ಬೆಳಕು ಕೋಣೆಗೆ ಬಂದರೆ ಸಾಲದು. ನೀರಿನ ಒಳಕ್ಕೆ ಬರಬೇಕು.

ತುರ್ಕಿಯವರು ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕಂಡುಕೊಂಡರು. ಅವರ ಹಮಾಮುಗಳಿಗೆ ಗೋಡೆಯಲ್ಲಿ ಕಿಟಕಿ ಇಡುವಂತಿಲ್ಲ. ಮರೆ ಹೋಗುತ್ತದೆ, ಕಾವೂ ಹೋಗುತ್ತದೆ. ಹಾಗಾಗಿ ಗುಮ್ಮಟದಲ್ಲಿಯೇ ನಕ್ಷತ್ರಗಳ ಹಾಗೆ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಮೇಲೆ ಗಂಟೆಯಾಕಾರದ ದಪ್ಪ ಗಾಜನ್ನು ಕೂರಿಸಿದರು. ಇದಕ್ಕೆ ಅವರು ಇಟ್ಟ ಹೆಸರು ‘ಆನೆಕಣ್ಣು’. ಮಹಾಶಿಲ್ಪಿ ಸಿನಾನನ ಕೈವಾಡವೆಂದು ಪ್ರಸಿದ್ಧವಾದ, 1584ರಲ್ಲಿ ಇಸ್ತಾಂಬುಲಿನಲ್ಲಿ ಎದ್ದ ಚೆಂಬರ್ಲಿತಾಷ್ ಹಮಾಮಿನಲ್ಲಿ ಹಬೆಯ ನಡುವೆ ಈ ಆನೆಕಣ್ಣುಗಳಿಂದ ಇಳಿಯುವ ಬಿಸಿಲುಕೋಲುಗಳು ಕೈಯಲ್ಲಿ ಹಿಡಿಯಬಹುದೇನೋ ಎನ್ನುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಹೆಂಚಿನ ಮನೆಯ ಗಾಜಿನ ಹೆಂಚಿಗೂ ಈ ಆನೆಕಣ್ಣಿಗೂ ದೂರದ ಬಂಧುತ್ವ ಉಂಟು.

ಇದೆಲ್ಲ ಸ್ನಾನದ ಮಾತಾಯಿತು. ಈಜು ಬೇರೆ. ಈಜಿಗೆ ಉದ್ದವಾದ ಕೊಳ ಬೇಕು. ಉದ್ದವಾದ ಕೊಳಕ್ಕೆ ದೊಡ್ಡ ಮಾಡು ಬೇಕು. ಉತ್ತರ ಯೂರೋಪಿನಲ್ಲಿ ಮಾಡಿಲ್ಲದೆ ವರ್ಷದ ಬಹುಪಾಲು ಈಜುವಂತೆಯೇ ಇಲ್ಲ. ಅಲ್ಲಿಯ ಚಳಿಗಾಲದ ಸೂರ್ಯನಾದರೂ ಎಂತಹವನು! ಡಿಸೆಂಬರ್ ತಿಂಗಳ ನಡುಹಗಲಿನಲ್ಲಿ ಬೆಂಗಳೂರಿನಲ್ಲಿ ಅವನು ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ. ಫ್ರಾನ್ಸಿನ ಉತ್ತರದ ಅಂಚಿನಲ್ಲಿ ಅದೇ ಹೊತ್ತಿಗೆ 16 ಡಿಗ್ರಿಗಿಂತ ಮೇಲೇಳುವುದಿಲ್ಲ. ಎದುರುಮನೆಯ ಸೂರಿನ ಅಂಚಿನಿಂದ ಇಣುಕಿ ನೋಡಿ ಹೊರಟುಹೋಗುವ ನೆಂಟನಂತೆ. ಅಂತಹ ಸೂರ್ಯನನ್ನು ಕೊಳಕ್ಕೆ ಇಳಿಸಬೇಕೆಂದು ಹಟ ತೊಟ್ಟ ಒಂದು ಊರಿನ ಕಥೆ ಇಲ್ಲಿ ಹೇಳತಕ್ಕದ್ದು.

ಆ ಊರು ರೂಬೆ. ಲೀಲ್ ನಗರದ ಪಕ್ಕದಲ್ಲಿರುವ ಅದು ಉಣ್ಣೆಯ ಗಿರಣಿಗಳಿಂದ ಬೆಳೆದ ಪಟ್ಟಣ. ಗಿರಣಿಯ ಕೂಲಿಗಾರರು ವಾಸಿಸುತ್ತಿದ್ದುದು ಇಕ್ಕಟ್ಟಾದ ಅಂಗಳದ ಸುತ್ತ ಎದುರುಬದುರಾಗಿ ಒತ್ತಿ ಕಟ್ಟಿದ ವಠಾರಗಳಲ್ಲಿ. ಇಡೀ ವಠಾರಕ್ಕೆ ಒಂದು ನೀರಿನ ಕೊಳಾಯಿ, ಮನೆಯೊಳಗೆ ಬಚ್ಚಲೆಂಬುದಿಲ್ಲ, ಬಿಸಿಲು ಅಂಗಳದ ನೆಲವನ್ನು ಮುಟ್ಟುವುದೂ ಕಷ್ಟ. ಕ್ಷಯರೋಗವು ಅಂತಹ ಮನೆಗಳನ್ನು ಹುಡುಕಿಕೊಂಡು ಬರುತ್ತಿದ್ದ ಕಾಲವದು. ಸೂರ್ಯನ ಬೆಳಕನ್ನು ವೈದ್ಯರು ಔಷಧವೆಂದೇ ಹೊಗಳುತ್ತಿದ್ದ ಕಾಲವೂ ಅದೇ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆಯನ್ನು ಕಂಡುಹಿಡಿದ ನೀಲ್ಸ್ ಫಿನ್ಸೆನ್ ಎಂಬ ವೈದ್ಯನಿಗೆ 1903ರಲ್ಲಿ ನೊಬೆಲ್ ಬಹುಮಾನ ಸಂದಿತ್ತು.

ರೂಬೆಯ ಸಮಾಜವಾದಿ ಮೇಯರ್ ಜಾಂ ಬಾತಿಸ್ತ್ ಲೆಬಾ ತನ್ನ ಊರಿನವರಿಗೆ ನೀರನ್ನೂ ಬೆಳಕನ್ನೂ ಒಟ್ಟಿಗೆ ಕೊಡಬೇಕೆಂದು ನಿಶ್ಚಯಿಸಿದನು. ಕೆಲಸವನ್ನು ಒಪ್ಪಿಸಿದ್ದು ಲೀಲ್ ನಗರದ ಶಿಲ್ಪಿ ಆಲ್ಬೇರ್ ಬೇರ್ಟ್‌ಗೆ. 1927ರಲ್ಲಿ ಆರಂಭವಾದ ಕಟ್ಟಡ 1932ರಲ್ಲಿ ಮುಗಿಯಿತು. ಬಡವರಿಗಾಗಿ ಕಟ್ಟುವ ಕಟ್ಟಡ ಬಡಕಲಾಗಿರಬೇಕೆಂಬ ನಿಯಮವನ್ನು ಶಿಲ್ಪಿ ಒಪ್ಪಲಿಲ್ಲ. ಹಳೆಯ ಕ್ರೈಸ್ತ ಮಠಗಳ ವಿನ್ಯಾಸವನ್ನು ಅನುಸರಿಸಿ, ನಡುವೆ ಒಂದು ತೋಟ, ಅದರ ಸುತ್ತ ತೊಟ್ಟಿಸ್ನಾನದ ಕೋಣೆಗಳು, ಒಂದು ಪಾರ್ಶ್ವಕ್ಕೆ ದೇವಾಲಯದ ಮಂಟಪದಂತೆ ಎತ್ತರವಾದ ಈಜುಕೊಳ. ಕೊಳದ ಉದ್ದ 50 ಮೀಟರು. ಅದರ ಎರಡು ಪಕ್ಕಗಳಲ್ಲಿ ಎರಡು ಅಂತಸ್ತಿನ ಬಟ್ಟೆ ಬದಲಿಸುವ ಗೂಡುಗಳು. ಮೇಲೆ ಕಮಾನಿನ ಮಾಡು. ಆ ಮಾಡಿನ ಎರಡು ತುದಿಗಳಲ್ಲಿ, ಅರ್ಧಚಂದ್ರಾಕಾರದ ಎರಡು ಬೃಹತ್ತಾದ ಬಣ್ಣದ ಗಾಜಿನ ಕಿಟಕಿಗಳು. ಒಂದರಲ್ಲಿ ಉದಯಿಸುವ ಸೂರ್ಯ, ಇನ್ನೊಂದರಲ್ಲಿ ಅಸ್ತಮಿಸುವ ಸೂರ್ಯ. ಹಳದಿ, ಕಿತ್ತಳೆ ಬಣ್ಣದ ಕಿರಣಗಳು ಬೀಸಣಿಗೆಯಂತೆ ಹರಡಿ ನೀರಿನಲ್ಲಿ ತಲೆಕೆಳಗಾಗಿ ಮೂಡುತ್ತಿದ್ದವು. ಮೇಲಿನ ಅರ್ಧವೃತ್ತಕ್ಕೆ ಕೆಳಗಿನ ಅರ್ಧವೃತ್ತ ಸೇರಿ ಸೂರ್ಯ ಪೂರ್ಣನಾಗುತ್ತಿದ್ದನು.

ಗಿರಣಿಯ ಮಗುವೊಂದು ಮೊದಲ ಬಾರಿಗೆ ಆ ಬಾಗಿಲನ್ನು ದಾಟಿ ಒಳಗೆ ಬಂದಾಗ ಅದರ ಮನಸ್ಸಿಗೆ ಏನಾಗಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೊರಗೆ ಕಲ್ಲಿದ್ದಲಿನ ಹೊಗೆ, ಇಟ್ಟಿಗೆಯ ಗೋಡೆ, ತಲೆಯ ಮೇಲೆ ಬೂದುಬಣ್ಣದ ಮೋಡ. ಒಳಗೆ ಎರಡು ಸೂರ್ಯರು! ಹೊರಗಿನ ಸೂರ್ಯ ಮೋಡದ ಮರೆಯಲ್ಲಿದ್ದರೂ ಗಾಜಿನ ಸೂರ್ಯ ಹಾಜರಿರುತ್ತಾನೆ. ಮೋಡದ ಬೆಳಕನ್ನೇ ಸೋಸಿ ಬಂಗಾರ ಮಾಡುತ್ತಾನೆ. ಗಿರಣಿಯ ಯಜಮಾನನ ಮಗನೂ ನೂಲುವವಳ ಮಗಳೂ ಅಲ್ಲಿ ಒಂದೇ ನೀರಿನಲ್ಲಿ ಈಜು ಕಲಿತರು. ಬಟ್ಟೆ ಕಳಚಿದ ಮೇಲೆ ಯಾರು ಯಾರ ಮಗುವೆಂದು ನೀರಿಗೆ ಹೇಗೆ ತಿಳಿಯಬೇಕು?

ಲೆಬಾ 1936ರಲ್ಲಿ ಫ್ರಾನ್ಸಿನ ಕಾರ್ಮಿಕ ಮಂತ್ರಿಯಾದನು. ಕೂಲಿಗಾರರಿಗೆ ಸಂಬಳಸಹಿತ ರಜೆಯನ್ನು ಕೊಡಿಸಿದ ಶಾಸನ ಬಂದದ್ದು ಆಗಲೇ. ಜರ್ಮನರು ದೇಶವನ್ನು ಆಕ್ರಮಿಸಿದಾಗ ಅವನು ಪ್ರತಿಭಟನೆಗೆ ಇಳಿದು 1941ರಲ್ಲಿ ಸೆರೆ ಸಿಕ್ಕನು. 1944ರಲ್ಲಿ ಜರ್ಮನಿಯ ಒಂದು ಸೆರೆಮನೆಯಲ್ಲಿ ತೀರಿಕೊಂಡನು. ಆ ಸೆರೆಮನೆಯಿದ್ದ ಊರಿನ ಹೆಸರು ಜೊನೆನ್‌ಬುರ್ಗ್. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ‘ಸೂರ್ಯದುರ್ಗ’. ಕೂಲಿಗಾರರ ಮಕ್ಕಳಿಗೆ ಎರಡು ಸೂರ್ಯರನ್ನು ಕೊಟ್ಟವನ ಪಾಲಿಗೆ ಕೊನೆಗೆ ಒದಗಿದ್ದು ಹೆಸರಿನ ಸೂರ್ಯ ಮಾತ್ರ.

ಇಷ್ಟನ್ನು ಕೇಳಿದವರು, ಕೊಳಕ್ಕೆ ಕಿಟಕಿಗಳು ಹೆಚ್ಚಿದಷ್ಟೂ ಒಳ್ಳೆಯದು, ಗೋಡೆಗಳನ್ನೆಲ್ಲ ಗಾಜಿನಿಂದಲೇ ಕಟ್ಟಿಬಿಡಬಾರದೇಕೆ, ಎಂದು ಕೇಳಬಹುದು. ಅನೇಕ ಊರುಗಳಲ್ಲಿ ಹಾಗೆ ಕಟ್ಟಿದ್ದೂ ಉಂಟು. ಒಂದು ಕಡೆಯ ಗೋಡೆಯನ್ನು ನೆಲದಿಂದ ಸೂರಿನ ವರೆಗೆ ಗಾಜಾಗಿಸಿದರೆ ಹೊರಗಿನ ಹುಲ್ಲುಹಾಸು, ಮರಗಳು, ಹಿಮ ಎಲ್ಲವೂ ಕಾಣುತ್ತವೆ. ಚಿತ್ರದಲ್ಲಿ ಅದಕ್ಕಿಂತ ಚೆಲುವಾದದ್ದು ಬೇರೊಂದಿಲ್ಲ. ಆದರೆ ಆ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣದ ಒಬ್ಬ ವ್ಯಕ್ತಿ ಇದ್ದಾನೆ. ಅವನು ಕೊಳದ ಅಂಚಿನ ಎತ್ತರವಾದ ಕುರ್ಚಿಯ ಮೇಲೆ ಕುಳಿತ ಜೀವರಕ್ಷಕ. ಅವನನ್ನು ಕೇಳಿದರೆ ಬೇರೆಯ ಉತ್ತರ ಬರುತ್ತದೆ.

ಅವನ ಕೆಲಸ ನೋಡುವುದು. ಬೆಳಗಿನಿಂದ ಸಂಜೆಯ ವರೆಗೆ ನೀರನ್ನು ನೋಡುವುದು. ನೀರಿನ ಮೇಲ್ಮೈಯನ್ನಲ್ಲ, ತಳವನ್ನು. ಮುಳುಗುವವರು ಕೈ ಬೀಸಿ ಕೂಗಿಕೊಳ್ಳುತ್ತಾರೆಂಬುದು ಕಥೆಗಳ ಮಾತು. ನಿಜವಾಗಿ ಮುಳುಗುತ್ತಿರುವ ಮಗು ಕೂಗಲಾರದು. ಉಸಿರಿಗೇ ಸಾಲದ ಬಾಯಿಯಲ್ಲಿ ಕೂಗು ಎಲ್ಲಿಂದ ಬರಬೇಕು? ಅದು ಸದ್ದಿಲ್ಲದೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಹೆಣಗಿ ಕೆಳಗಿಳಿದುಬಿಡುತ್ತದೆ. ಅಷ್ಟರೊಳಗೆ ಆ ಕುರ್ಚಿಯ ಮೇಲಿನ ಕಣ್ಣು ಅದನ್ನು ಕಾಣಬೇಕು.

ಈಗ ಬೆಳಕಿನ ಲೆಕ್ಕವನ್ನು ನೋಡಬೇಕು. ನೀರಿನ ಮೇಲೆ ಬೆಳಕು ನೆಟ್ಟಗೆ ಬಿದ್ದರೆ ನೂರರಲ್ಲಿ ಸುಮಾರು 2 ಪಾಲು ಮಾತ್ರ ಪ್ರತಿಫಲಿಸಿ ಹಿಂದಿರುಗುತ್ತದೆ. ಉಳಿದ 98 ಪಾಲು ಒಳಗಿಳಿಯುತ್ತದೆ. ಬೆಳಕು ಲಂಬದಿಂದ 60 ಡಿಗ್ರಿ ಓರೆಯಾದಾಗಲೂ ಹಿಂದಿರುಗುವುದು 6 ಪಾಲೇ. ಆದರೆ ಅಲ್ಲಿಂದ ಮುಂದೆ ಲೆಕ್ಕ ಹದ ತಪ್ಪುತ್ತದೆ. 80 ಡಿಗ್ರಿ ಓರೆಯಾದರೆ ಹಿಂದಿರುಗುವ ಪಾಲು ಸುಮಾರು 35. ಇನ್ನೂ ಓರೆಯಾದರೆ ನೀರು ನೀರಾಗಿ ಉಳಿಯುವುದಿಲ್ಲ, ಕನ್ನಡಿಯಾಗುತ್ತದೆ.

ಜೀವರಕ್ಷಕನ ಕಣ್ಣು ನೀರಿನಿಂದ 3 ಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ, 17 ಮೀಟರು ದೂರದ ನೀರನ್ನು ಅವನು ನೋಡುವುದು ಸರಿಯಾಗಿ ಆ 80 ಡಿಗ್ರಿಯ ಓರೆಯಲ್ಲಿ. ಅಲ್ಲಿ ಪ್ರತಿಫಲಿಸಿ ಅವನ ಕಣ್ಣಿಗೆ ಬರುವ ಬೆಳಕು ಯಾವುದು? ಮಾಡಿನದಲ್ಲ, ಎದುರುಗೋಡೆಯ ಕೆಳಭಾಗದ್ದು. ಎಂದರೆ ಎಲ್ಲರೂ ಮೆಚ್ಚುವ, ಹುಲ್ಲುಹಾಸನ್ನು ತೋರಿಸುವ, ಆಳೆತ್ತರದ ಆ ಗಾಜಿನ ಗೋಡೆಯದು. ಚಳಿಗಾಲದ ಮಧ್ಯಾಹ್ನ ಸೂರ್ಯ ಕೆಳಗಿಳಿದು ಆ ಗಾಜಿನಿಂದಲೇ ಒಳಬಂದರಂತೂ ಕೊಳದ ದೂರದ ಅರ್ಧಭಾಗವು ಬೆಳ್ಳಿಯ ತಗಡಿನಂತೆ ಝಗಝಗಿಸುತ್ತದೆ. ನೋಡುವವರಿಗೆ ಅದು ರಮಣೀಯ; ಜೀವರಕ್ಷಕನಿಗೆ ಅದು ಕುರುಡು. ಆ ಬೆಳ್ಳಿಯ ಕೆಳಗೆ ಏನಿದೆಯೆಂದು ಅವನು ಹೇಳಲಾರನು.

ಇಲ್ಲಿಯೇ ಅಡಿಗೆಯ ಕೋಣೆಯ ಗಾಜಿನ ಹೆಂಚು ನೆನಪಿಗೆ ಬರಬೇಕಾದದ್ದು. ಮಾಡಿನ ಬೆಳಕಿಂಡಿಯಿಂದ ಇಳಿದ ಬೆಳಕು ನೀರಿನ ಮೇಲೆ ಹೆಚ್ಚುಕಡಮೆ ನೆಟ್ಟಗೆ ಬೀಳುತ್ತದೆ. ಅದು ಒಳಹೊಕ್ಕು ತಳದ ಬಿಳಿಯ ಬಿಲ್ಲೆಗಳನ್ನು ಬೆಳಗಿಸುತ್ತದೆ; ತಳ ಬೆಳಗಿದರೆ ಅದರ ಮೇಲಿರುವ ಪುಟ್ಟ ದೇಹವೂ ಎದ್ದು ಕಾಣುತ್ತದೆ. ಬೆಳಕಿಂಡಿಯ ಪ್ರತಿಬಿಂಬ ಕಣ್ಣಿಗೆ ಬೀಳುವುದು ನೀರನ್ನು ಹತ್ತಿರದಿಂದ, ಕಡಿದಾಗಿ ನೋಡಿದಾಗ ಮಾತ್ರ. ಆಗ ಹಿಂದಿರುಗುವ ಪಾಲು ಬಹು ಸ್ವಲ್ಪ. ಆದುದರಿಂದ ಬಲ್ಲ ಶಿಲ್ಪಿಗಳು ಕಿಟಕಿಗಳನ್ನು ಮೇಲಕ್ಕೆ ಏರಿಸುತ್ತಾರೆ. ಮಾಡಿನ ಗಾಜನ್ನು ಉತ್ತರಕ್ಕೆ ತಿರುಗಿಸುತ್ತಾರೆ, ಏಕೆಂದರೆ ಉತ್ತರಗೋಳದಲ್ಲಿ ಆ ದಿಕ್ಕಿನಿಂದ ಬಿಸಿಲು ಬಾರದು, ಹದವಾದ ಆಕಾಶದ ಬೆಳಕು ಮಾತ್ರ ಬರುತ್ತದೆ. ಕೆಳಗಿನ ಕಿಟಕಿ ಬೇಕೇ ಬೇಕಾದರೆ ಅದರ ಹೊರಗೆ ಚಾಚುಸೂರನ್ನೋ ತೆರೆಯನ್ನೋ ಹಾಕುತ್ತಾರೆ. ಜೀವರಕ್ಷಕನ ಕುರ್ಚಿಯನ್ನು ಅವನ ಬೆನ್ನು ಆ ಕಿಟಕಿಗೆ ಇರುವಂತೆ ಇಡುತ್ತಾರೆ. ನಕ್ಷೆಯ ಮೇಲೆ ಮೊದಲು ಬರೆಯಬೇಕಾದದ್ದು ಕಿಟಕಿಯನ್ನಲ್ಲ, ಆ ಕುರ್ಚಿಯನ್ನು ಎಂದರೆ ಅತಿಶಯೋಕ್ತಿಯಾಗಲಾರದು.

ಜೀವರಕ್ಷಕನಿಗೆ ಒಪ್ಪುವ ಬೆಳಕು ಎಲ್ಲ ಈಜುಗಾರರಿಗೂ ಒಪ್ಪುತ್ತದೆಂದು ಹೇಳುವಂತಿಲ್ಲ. ಅಂಗಾತ ಈಜುವವನ ಕಣ್ಣು ಮಾಡಿನಲ್ಲೇ ನೆಟ್ಟಿರುತ್ತದೆ. ತುದಿ ಹತ್ತಿರವಾಯಿತೆಂದು ಅವನಿಗೆ ತಿಳಿಸಲು ಗೋಡೆಯಿಂದ 5 ಮೀಟರು ಈಚೆಗೆ ಬಣ್ಣದ ಪತಾಕೆಗಳ ಸಾಲನ್ನು ಕಟ್ಟುತ್ತಾರೆ. ದಾರಿ ನೇರವಾಗಿದೆಯೆ ಎಂಬುದನ್ನು ಅವನು ಮಾಡಿನ ತೊಲೆಗಳನ್ನು ನೋಡಿ ತಿಳಿಯಬೇಕು. ನೆತ್ತಿಯ ಬಿಸಿಲು ನೇರವಾಗಿ ಅವನ ಕಣ್ಣಿಗೆ ಹೊಡೆದರೆ ಪತಾಕೆಯೂ ಕಾಣದು, ತೊಲೆಯೂ ಕಾಣದು. ಎತ್ತರದ ಹಲಗೆಯಿಂದ ಧುಮುಕುವವನ ಕಷ್ಟ ಮತ್ತೊಂದು ಬಗೆಯದು. ತಿಳಿಯಾದ, ಅಲುಗಾಡದ ನೀರು ಎಲ್ಲಿ ಮೊದಲಾಗುತ್ತದೆಂದು ಅವನಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಧುಮುಕುವ ಕೊಳದ ಮೇಲೆ ಸಣ್ಣ ಚಿಲುಮೆಗಳಿಂದ ನೀರನ್ನು ಕದಡುತ್ತಿರುತ್ತಾರೆ. ಉತ್ತರಗೋಳದಲ್ಲಿ ಬಯಲಿನ ಧುಮುಕುಹಲಗೆಗಳು ಉತ್ತರಕ್ಕೆ ಮುಖ ಮಾಡಿರಬೇಕೆಂದು ಈಜಿನ ಅಂತರರಾಷ್ಟ್ರೀಯ ಸಂಸ್ಥೆಯೇ ಸಲಹೆ ಮಾಡಿರುವುದರ ಕಾರಣವೂ ಕಣ್ಣಿಗೆ ಬೀಳುವ ಬಿಸಿಲೇ.

ಇನ್ನು ಗಾಜಿನ ಸ್ವಂತ ಗೋಳು ಬೇರೆ. ಸೂರಿನ ಕೆಳಗಿನ ಕೊಳದ ಗಾಳಿ ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗೆ, ತೇವದಿಂದ ತುಂಬಿ, ಕ್ಲೋರಿನ್ ವಾಸನೆಯಿಂದ ಕೂಡಿರುತ್ತದೆ. ಅಂತಹ ಗಾಳಿಗೆ ಸುಮಾರು 20 ಡಿಗ್ರಿಗಿಂತ ತಣ್ಣಗಿನ ಮೈ ಎಲ್ಲಿ ಸಿಕ್ಕಿದರೂ ಅಲ್ಲಿ ಬೆವರುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಒಂಟಿಪದರದ ಗಾಜಿನ ಗತಿ ಹೇಳಬೇಕಾದದ್ದಿಲ್ಲ. ಬೆಳಕಿಂಡಿಯಿಂದ ಬೆಳಕಿನ ಬದಲು ತಣ್ಣನೆಯ ಹನಿಗಳು ಈಜುವವರ ಬೆನ್ನಿನ ಮೇಲೆ ಬೀಳುತ್ತವೆ. ಆದುದರಿಂದ ಎರಡು, ಮೂರು ಪದರದ ಗಾಜು. ಗಾಜಿನ ಬುಡದಿಂದ ಮೇಲಕ್ಕೆ ಊದುವ ಬೆಚ್ಚನೆಯ ಗಾಳಿ. ಈ ತೇವ ಕಬ್ಬಿಣವನ್ನೂ ಕಾಂಕ್ರೀಟನ್ನೂ ಗುಟ್ಟಾಗಿ ತಿನ್ನುತ್ತದೆ. 1985ರ ಮೇ ತಿಂಗಳಲ್ಲಿ ಸ್ವಿಟ್ಸರ್ಲೆಂಡಿನ ಊಸ್ಟರ್ ಎಂಬ ಊರಿನಲ್ಲಿ ಈಜುಕೊಳದ ಕಾಂಕ್ರೀಟಿನ ಒಳಮಾಳಿಗೆ ಕಳಚಿಬಿದ್ದು 12 ಜನ ಸತ್ತರು. ಅದನ್ನು ತೂಗುಹಾಕಿದ್ದ ಉಕ್ಕಿನ ಸರಳುಗಳನ್ನು ಕ್ಲೋರಿನ್ನಿನ ಲವಣಗಳು ಯಾರ ಕಣ್ಣಿಗೂ ಬೀಳದಂತೆ ಕೊರೆದುಹಾಕಿದ್ದವು. ತುಕ್ಕು ಹಿಡಿಯದ ಉಕ್ಕೆಂದು ನಂಬಿದ್ದ ಸರಳುಗಳವು.

ಇಷ್ಟೆಲ್ಲ ತೊಡಕುಗಳಿದ್ದರೂ ಶಿಲ್ಪಿಗಳು ಸೂರ್ಯನನ್ನು ಬಿಟ್ಟುಕೊಡಲಿಲ್ಲ. 1964ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳಿಗಾಗಿ ಕೆನ್ಜೊ ತಾಂಗೆ ಎಂಬ ಶಿಲ್ಪಿ ಯೋಯೋಗಿಯಲ್ಲಿ ಕಟ್ಟಿದ ಈಜು ಮಂದಿರವನ್ನು ನೋಡಬೇಕು. 126 ಮೀಟರು ಅಂತರದಲ್ಲಿ ಎರಡು ಕಾಂಕ್ರೀಟಿನ ಕಂಬಗಳು; ಅವುಗಳ ನಡುವೆ ತೂಗುಸೇತುವೆಯಂತೆ ಎರಡು ಭಾರಿ ಹಗ್ಗಗಳು. ಕಂಬಗಳ ಬಳಿ ಕೂಡಿರುವ ಆ ಹಗ್ಗಗಳನ್ನು ನಡುವೆ ಕಣ್ಣಿನ ಆಕಾರದಲ್ಲಿ ಅಗಲಿಸಿ, ಆ ಸಂದಿಗೆ ಗಾಜನ್ನು ತುಂಬಿದರು. ಮಾಡನ್ನು ಹೊರುವ ಬೆನ್ನೆಲುಬೇ ಬೆಳಕಿಂಡಿಯಾಯಿತು. ಬೆಳಕು ಇಳಿಯುತ್ತಿದ್ದುದು ಎಲ್ಲಿಗೆ? ಸರಿಯಾಗಿ ಕೊಳದ ಕಡೆಗೆ. ವಿಟ್ರೂವಿಯಸ್ ತನ್ನ ತೊಟ್ಟಿಗೆ ಬಯಸಿದ್ದೂ ಅದನ್ನೇ. ಆ ಕೊಳವನ್ನು ಮುಂದೆ ಮುಚ್ಚಿ ಬೇರೆ ಆಟಗಳಿಗೆ ಬಳಸಿದರು. 2021ರಲ್ಲಿ ಜಪಾನ್ ಸರ್ಕಾರ ಆ ಕಟ್ಟಡವನ್ನು ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಸಾರಿತು.

ಸ್ವಿಟ್ಸರ್ಲೆಂಡಿನ ವಾಲ್ಸ್ ಎಂಬ ಬೆಟ್ಟದೂರಿನಲ್ಲಿ 1996ರಲ್ಲಿ ಪೀಟರ್ ಜುಮ್‌ಥೋರ್ ಕಟ್ಟಿದ ಸ್ನಾನಗೃಹದಲ್ಲಿ ಬೆಳಕು ಇದಕ್ಕೆ ವಿರುದ್ಧವಾಗಿ ಬಹು ಮಿತವಾದದ್ದು. ಕಲ್ಲಿನ ಗೋಡೆಗಳ ಮೇಲೆ ಹಾಸಿದ ಕಾಂಕ್ರೀಟಿನ ಚಪ್ಪಡಿಗಳ ನಡುವೆ 8 ಸೆಂಟಿಮೀಟರು ಅಗಲದ ಸಂದುಗಳನ್ನು ಬಿಟ್ಟು ಗಾಜು ಮುಚ್ಚಿದ್ದಾನೆ. ಬಿಸಿಲು ದಾರದಂತೆ ಇಳಿದು ಗೋಡೆಯನ್ನು ಸವರಿ ಹೋಗುತ್ತದೆ. ಸ್ಕಿಪಿಯೊ ಬದುಕಿದ್ದರೆ ಅವನಿಗೆ ಅದು ಹಿಡಿಸುತ್ತಿತ್ತು. ಲಂಡನಿನಲ್ಲಾದರೋ 2012ರ ಒಲಿಂಪಿಕ್ಸಿಗೆಂದು ಜಾಹಾ ಹದೀದ್ ರಚಿಸಿದ ಈಜುಮಂದಿರದ ಎರಡು ಪಕ್ಕಗಳಿಗೆ 17,500 ಜನ ಕೂರುವಂತೆ ತಾತ್ಕಾಲಿಕ ರೆಕ್ಕೆಗಳನ್ನು ಕಟ್ಟಿದ್ದರು; ಕ್ರೀಡೆಗಳು ಮುಗಿದ ಮೇಲೆ ಅವನ್ನು ಬಿಚ್ಚಿ, ಆಸನಗಳನ್ನು 2,500ಕ್ಕೆ ಇಳಿಸಿ, ತೆರವಾದ ಕಡೆ ಗಾಜಿನ ಗೋಡೆಗಳನ್ನು ನಿಲ್ಲಿಸಿದರು. 2014ರಲ್ಲಿ ಊರಿನ ಮಕ್ಕಳು ಅಲ್ಲಿಗೆ ಬಂದಾಗ ಪ್ರೇಕ್ಷಕರ ಬದಲು ಹಗಲು ಅವರನ್ನು ನೋಡುತ್ತಿತ್ತು.

ರೂಬೆಯ ಕೊಳ ಏನಾಯಿತು? ಮಾಡಿನ ಕಮಾನು ದುರ್ಬಲವಾಗಿದೆಯೆಂದು ತಿಳಿದು, ಊಸ್ಟರಿನ ಮಾಳಿಗೆ ಬಿದ್ದ ಅದೇ 1985ರಲ್ಲಿ, ಅದನ್ನು ಮುಚ್ಚಿದರು. ಊರಿನವರಿಗೆ ಅದು ಮನೆಯ ಹಿರಿಯರೊಬ್ಬರು ಹೋದಂತಹ ನಷ್ಟ. ಗಿರಣಿಗಳೂ ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು. ಕಟ್ಟಡವನ್ನು ಕೆಡವದೆ, ಜಾಂ ಪಾಲ್ ಫಿಲಿಪೋಂ ಎಂಬ ಶಿಲ್ಪಿಯ ಕೈಯಿಂದ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾರ್ಪಡಿಸಿ 2001ರಲ್ಲಿ ಮತ್ತೆ ಬಾಗಿಲು ತೆರೆದರು. ಬಟ್ಟೆ ಬದಲಿಸುವ ಗೂಡುಗಳಲ್ಲಿ ಈಗ ಕಲಾವಸ್ತುಗಳಿವೆ; ಕೊಳದ ಎರಡು ಪಕ್ಕ ಶಿಲೆಯ ಪ್ರತಿಮೆಗಳು ಸಾಲಾಗಿ ನಿಂತಿವೆ. ನಡುವೆ ಉದ್ದಕ್ಕೂ ಒಂದು ಪಟ್ಟೆಯಷ್ಟು ನೀರನ್ನು ಉಳಿಸಿದ್ದಾರೆ. ಏಕೆಂದು ಯಾರೂ ಕೇಳಬೇಕಾಗಿಲ್ಲ. ನೀರಿಲ್ಲದಿದ್ದರೆ ಆ ಗಾಜಿನ ಸೂರ್ಯ ಅರ್ಧಸೂರ್ಯನಾಗಿಯೇ ಉಳಿದುಬಿಡುತ್ತಿದ್ದನು.

ಅಲ್ಲಿ ಈಗ ಜೀವರಕ್ಷಕನ ಅಗತ್ಯವಿಲ್ಲ. ಪ್ರತಿಮೆಗಳು ಮುಳುಗುವುದಿಲ್ಲ. ನೀರು ಎಷ್ಟು ಬೇಕಾದರೂ ಕನ್ನಡಿಯಾಗಬಹುದು. ಅದರ ಹೊಳಪನ್ನು ಹೆದರದೆ ಮೆಚ್ಚಬಹುದು. ಆದರೆ ಮಕ್ಕಳು ಈಜುವ ಕೊಳದಲ್ಲಿ ಆ ನಿಶ್ಚಿಂತೆಗೆ ಎಡೆಯಿಲ್ಲ. ಉತ್ತರದ ಯಾವುದೋ ಊರಿನಲ್ಲಿ, ಚಳಿಗಾಲದ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಸೂರ್ಯ ಕಿಟಕಿಯ ಮಟ್ಟಕ್ಕೆ ಇಳಿಯುತ್ತಾನೆ. ನೀರಿನ ಆ ಕಡೆ ಬೆಳ್ಳಿಯಾಗತೊಡಗುತ್ತದೆ. ಪಾಠಕ್ಕೆ ಬಂದ ಮಕ್ಕಳ ತಾಯಿತಂದೆಯರು ಎಷ್ಟು ಚೆನ್ನಾಗಿದೆಯೆಂದು ತಮ್ಮೊಳಗೆ ಹೇಳಿಕೊಳ್ಳುತ್ತಾರೆ. ಜೀವರಕ್ಷಕನು ಏನೂ ಹೇಳದೆ ಕುರ್ಚಿಯಿಂದಿಳಿದು, ಕೊಳದ ಅಂಚನ್ನು ಸುತ್ತಿ ಬಂದು, ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಅಲ್ಲಿಂದ ತಳದ ಬಿಲ್ಲೆಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಅವುಗಳ ಮೇಲೆ ಬೆಳಕಿನ ಬಲೆಯೊಂದು ಅಲುಗಾಡುತ್ತಿರುತ್ತದೆ. ಆ ಬಲೆಯ ಮೇಲೆ ಮಕ್ಕಳ ನೆರಳುಗಳು ಹಾದುಹೋಗುತ್ತವೆ. ಅವನು ಅವುಗಳನ್ನು ಎಣಿಸುತ್ತಾನೆ. ಲೆಕ್ಕ ಸರಿಯಾಗಿದ್ದರೆ ಮತ್ತೆ ಮೊದಲಿನಿಂದ ಎಣಿಸುತ್ತಾನೆ.